ಬಿಸಿ ಗೊತ್ತಾಗದ ಜಾಗ

ಹರಿಹರದಲ್ಲಿ ಹೊಳೆಗೆ ಇಳಿಯುವ ಓಣಿಯೊಂದರಲ್ಲಿ ಜುಬೇದಾ ಅವರ ಬ್ಯೂಟಿ ಪಾರ್ಲರ್. ಎರಡು ಕುರ್ಚಿ, ಪರದೆಯ ಹಿಂದೆ ಒಂದು ಮಂಚ. ನೀಲಾಂಬಿಕೆ ಅಲ್ಲಿ ಕೆಲಸ ಕಲಿಯುತ್ತಿದ್ದಳು.

ನೀಲಾಳ ಕೈ ಚುರುಕು. ಮನಸ್ಸು ಇನ್ನೂ ಚುರುಕು. ನಿಂತ ಕಡೆ ನಿಲ್ಲುವವಳಲ್ಲ.

"ಆಪಾ, ವ್ಯಾಕ್ಸಿಂಗ್ ನನ್ನೊಬ್ಬಳಿಗೇ ಯಾವಾಗ ಬಿಡ್ತೀರಿ?"

"ನೋಡೋಣ."

"ದಿನಾ ನೋಡೋಣ ಅಂತೀರಿ."

ಜುಬೇದಾ ನಕ್ಕು ಕೆಲಸಕ್ಕೆ ತಿರುಗುತ್ತಿದ್ದರು.

ಒಂದು ಮಧ್ಯಾಹ್ನ ವಿನೋದಾ ಎಂಬವಳು ಬಂದಳು. ಏಳು ತಿಂಗಳ ಬಸುರಿ. ಮರುದಿನವೇ ಸೀಮಂತ.

"ಕಾಲು ಚೊಕ್ಕಟ ಆಗ್ಬೇಕು. ನಾಳೆ ಎಲ್ಲರೂ ಅರಿಶಿನ ಹಚ್ಚೋರೇ."

ಅವಳಿಗೆ ಕೂರಲೂ ಆಗುತ್ತಿರಲಿಲ್ಲ, ನಿಲ್ಲಲೂ ಆಗುತ್ತಿರಲಿಲ್ಲ. ಜುಬೇದಾ ಇನ್ನೊಬ್ಬರ ಹುಬ್ಬು ತೀಡುತ್ತಿದ್ದರು. ಅಲ್ಲಿಂದಲೇ ಕೇಳಿದರು, "ಡಾಕ್ಟರನ್ನ ಕೇಳಿದೀಯಾ ತಾಯಿ?"

"ಕೇಳಿದೆ. ಪರವಾಗಿಲ್ಲ ಅಂದ್ರು."

"ನೀಲಾ, ಎಡಕ್ಕೆ ಒರಗಿಸು. ಬೆನ್ನಿಗೆ ದಿಂಬು ಕೊಡು. ಮೇಣ ಉಗುರುಬೆಚ್ಚಗಿದ್ರೆ ಸಾಕು. ಶುರು ಮಾಡು, ಬಂದೆ."

ನೀಲಾ ಓಡಿಹೋಗಿ ಮೇಣದ ಹೀಟರ್ ಹಾಕಿದಳು. ಕೊನೆಗೂ.

ವಿನೋದಾ ಸೀರೆ ಮೇಲೆತ್ತಿದಳು. ಬಲಗಾಲಿನ ಮೊಳಕಾಲಿಂದ ಕೆಳಗೆ ಅಗಲವಾದ, ಹೊಳೆಯುವ ಕಲೆ.

"ಚಿಕ್ಕವಳಿದ್ದಾಗ ನೀರಿನ ಹಂಡೆ ಮಗುಚಿತ್ತು," ಅಂದಳು ಅವಳೇ. "ಅಲ್ಲೇ ಮೊದಲು ಮಾಡು. ಬೇಗ."

ನೀಲಾ ಒಂದು ತೊಟ್ಟು ಮೇಣ ಕಲೆಯ ಮೇಲಿಟ್ಟಳು.

"ಬಿಸಿ ಇದೆಯಾ ಅಕ್ಕಾ?"

"ಇಲ್ಲ."

ಮೇಣ ಆರಿರಬೇಕು ಅಂದುಕೊಂಡು ಹೀಟರ್ ಏರಿಸಿದಳು. ಮತ್ತೊಂದು ತೊಟ್ಟು.

"ಈಗ?"

"ಏನೂ ಇಲ್ಲ. ಹಚ್ಚಮ್ಮ, ನನಗೆ ಹೀಗೆ ಮಲಗೋಕಾಗ್ತಿಲ್ಲ."

ಇನ್ನಷ್ಟು ಏರಿಸಿದಳು. ಮೇಣದಿಂದ ಸಣ್ಣಗೆ ಹಬೆ ಎದ್ದಿತು. ಮೇಣ ಹಚ್ಚುವ ಅಲಗಿನ ತುಂಬ ತೆಗೆದುಕೊಂಡು ಕಾಲಿನ ಹತ್ತಿರ ತಂದಳು.

ಯಾರೋ ಅವಳ ಮಣಿಕಟ್ಟು ಹಿಡಿದರು. ಜುಬೇದಾ.

ಅವರು ಬೈಯಲಿಲ್ಲ. ಹೀಟರ್ ಆರಿಸಿದರು. ಒಂದು ಹತ್ತಿಯ ಉಂಡೆ ತೆಗೆದುಕೊಂಡರು.

"ವಿನೋದಾ, ಕಣ್ಣು ಮುಚ್ಚು. ನಾನು ಮುಟ್ಟಿದಾಗ ಹೇಳು."

ಹತ್ತಿಯನ್ನು ಪಾದಕ್ಕೆ ತಾಗಿಸಿದರು. "ಹ್ಞಾಂ," ಅಂದಳು ವಿನೋದಾ. ಎಡಗಾಲಿಗೆ ತಾಗಿಸಿದರು. "ಹ್ಞಾಂ."

ಕಲೆಯ ಮೇಲಿಟ್ಟರು.

ವಿನೋದಾ ಸುಮ್ಮನಿದ್ದಳು.

ಜುಬೇದಾ ಹತ್ತಿಯನ್ನು ಮೆಲ್ಲಗೆ ಮೇಲಿಂದ ಕೆಳಗೆ ಎಳೆದರು.

"ಮುಟ್ಟಿ ಆಪಾ," ಅಂದಳು ವಿನೋದಾ. "ಯಾಕೆ ತಡ?"

ನೀಲಾ ಕೈಲಿದ್ದ ಅಲಗನ್ನು ಕೆಳಗಿಟ್ಟಳು.

ವಿನೋದಾ ಕಣ್ಣು ತೆರೆದು ನೋಡಿದಳು. ಹತ್ತಿ ಅಲ್ಲೇ ಇತ್ತು. ಪಕ್ಕದಲ್ಲಿ ಮೇಣ ಬಿದ್ದ ಜಾಗ ಕೆಂಪಗಾಗಿತ್ತು.

"ಅಲ್ಲಿ ಮುಟ್ಟಿದ್ದು ತಿಳಿಯಲ್ಲ ಅಂತ ನನಗೇ ಗೊತ್ತಿರಲಿಲ್ಲ," ಅಂದಳು. "ಸ್ನಾನ ಮಾಡುವಾಗಲೂ ನಾನು ಆ ಕಡೆ ನೋಡಲ್ಲ ಆಪಾ."

ಜುಬೇದಾ ತಣ್ಣೀರು ಬಟ್ಟೆಯನ್ನು ಕೆಂಪಾದ ಜಾಗದ ಮೇಲೆ ಬಹಳ ಹೊತ್ತು ಹಿಡಿದರು. ಕಲೆಯ ಅಂಚಿನ ಕೂದಲನ್ನು ಕತ್ತರಿಯಿಂದ ಕತ್ತರಿಸಿದರು. ಉಳಿದ ಕಡೆಗೆ ತೆಳುವಾಗಿ, ಬೆಚ್ಚಗಿನ ಮೇಣ ಹಚ್ಚಿ ಚಿಕ್ಕ ಚಿಕ್ಕ ಪಟ್ಟಿಗಳಲ್ಲಿ ತೆಗೆದರು. ನಡುನಡುವೆ ಅವಳನ್ನು ಎಬ್ಬಿಸಿ ಕೂರಿಸಿದರು.

"ಕಲೆ ಹಾಗೇ ಕಾಣುತ್ತಲ್ಲ ಆಪಾ. ನಾಳೆ ಎಲ್ಲರೂ ನೋಡ್ತಾರೆ."

"ನೋಡ್ತಾರೆ," ಅಂದರು ಜುಬೇದಾ.

ವಿನೋದಾ ಹೋಗುವ ಮುಂಚೆ ಬಗ್ಗಲಾರದೆ ಬಗ್ಗಿ ಆ ಕಲೆಯ ಮೇಲೆ ತಾನೇ ಒಮ್ಮೆ ಕೈ ಇಟ್ಟಳು.

ನೀಲಾ ಮಂಚದ ಬಟ್ಟೆ ಮಡಚಿದಳು. ಮತ್ತೆ ಬಿಚ್ಚಿದಳು. ಮತ್ತೆ ಮಡಚಿದಳು.

"ನಾನು ಕೇಳಿದ್ದೆ ಆಪಾ. ಎರಡು ಸಲ ಕೇಳಿದ್ದೆ. ಅವರೇ ಇಲ್ಲ ಅಂದ್ರು."

"ಹೌದು."

"ಸುಳ್ಳೂ ಹೇಳಲಿಲ್ಲ."

"ಇಲ್ಲ."

"ಹಾಗಾದ್ರೆ ಇನ್ನು ಯಾರ ಮಾತು ನಂಬಲಿ?"

ಜುಬೇದಾ ಆರಿದ ಮೇಣದ ಮೇಲೆ ಮುಚ್ಚಳ ಹಾಕಿದರು.

"ಎಲ್ಲರ ಮಾತೂ ನಂಬು. ಆದರೆ ಉತ್ತರ ಬಂದ ಮೇಲೂ ನಿನ್ನ ಕೈ ಕೇಳ್ತಾನೇ ಇರಲಿ."