ಕೊಳದಲ್ಲಿ ನಿಂತು ಸಾರು ಉಂಡವನು

ಶಿಷ್ಯ ಕೇಳಿದ: "ಗುರುಗಳೇ, ಮಾಗಿಯಲ್ಲಿ ಧ್ಯಾನಕ್ಕೆ ಕುಳಿತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಶಿವರಾತ್ರಿ ಕಳೆಯಿತು, ಚಳಿ ಹೋಯಿತು, ಅದರ ಜೊತೆಗೆ ಧ್ಯಾನವೂ ಹೋಯಿತು. ಈಗಲೂ ಅದೇ ಮೂಲೆಯಲ್ಲಿ, ಅದೇ ಚಾಪೆಯ ಮೇಲೆ, ಅದೇ ಹೊತ್ತಿಗೆ ಕೂರುತ್ತೇನೆ. ಆಗ ಹೊದೆಯುತ್ತಿದ್ದ ಶಾಲನ್ನೂ ಬಿಟ್ಟಿಲ್ಲ. ಬೆವರು ಬರುತ್ತದೆ, ಧ್ಯಾನ ಬರುವುದಿಲ್ಲ. ಕೋಗಿಲೆ ಕೂಗಿದರೆ ಮನಸ್ಸು ಅದರ ಹಿಂದೆ ಹೊರಟುಬಿಡುತ್ತದೆ. ತಾವು ಕೊಟ್ಟ ಮಂತ್ರದ ಶಕ್ತಿ ಮುಗಿದಿದ್ದರೆ ಬೇರೆ ಮಂತ್ರ ಕೊಡಿ."

ಗುರುಗಳು ಮಠದ ಹಿಂದಿನ ಜಗಲಿಯಲ್ಲಿ ಕುಳಿತು ಮಧ್ಯಾಹ್ನದ ಗೊಜ್ಜಿಗೆ ಬೇವಿನ ಹೂವು ಬಿಡಿಸುತ್ತಿದ್ದರು. ಮಂತ್ರ ಮುಗಿಯಿತು ಎಂಬ ಮಾತಿಗೆ ಅವರ ಕೈ ನಿಂತಿತು.

"ಮಂತ್ರವೇನು ಗಡಿಗೆಯ ಎಣ್ಣೆಯೇ, ಮುಗಿಯುವುದಕ್ಕೆ? ಬಾ, ಕೂತುಕೊಂಡು ಹೂವು ಬಿಡಿಸು. ಕಡ್ಡಿ ಬೆರೆಸಬೇಡ. ಒಂದು ಕತೆ ಹೇಳುತ್ತೇನೆ" ಎಂದು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಕಂಬಳಿ ವ್ಯಾಪಾರಿ ಇದ್ದ. ಕಂಬಳಿ ಮಾರುವವನಿಗೆ ವರ್ಷದ ದುಡಿಮೆಯೆಲ್ಲ ಮಾಗಿಯಲ್ಲೇ. ಬೆಳಗಿನ ಮಂಜಿನಲ್ಲಿ ಗಂಟು ಹೊತ್ತು ಸಂತೆಗೆ ಹೊರಟರೆ ಮನೆ ಸೇರುವುದು ದೀಪ ಹಚ್ಚುವ ಹೊತ್ತಿಗೆ. ಅಷ್ಟರಲ್ಲಿ ಅವನ ಹೆಂಡತಿ ಬಿಸಿ ಮುದ್ದೆ ಕಟ್ಟಿ, ಹಿತುಕಿದ ಬೇಳೆ ಸಾರು ಮಾಡಿಟ್ಟಿರುತ್ತಿದ್ದಳು. ಅವರೆಕಾಳು ನೆನೆಸಿ, ಒಂದೊಂದನ್ನೇ ಬೆರಳ ನಡುವೆ ಹಿತುಕಿ, ಸಿಪ್ಪೆ ಬಿಟ್ಟು ಬೇಳೆ ಹಾರುವಂತೆ ಮಾಡುವ ಕೆಲಸ ಅದು. ಮಂಜು ಕುಡಿದು ಬೆಳೆದ ಅವರೆಯ ಸೊಗಡು ಬೀದಿಯ ತುದಿಯಲ್ಲೇ ಅವನ ಮೂಗಿಗೆ ಸಿಕ್ಕುತ್ತಿತ್ತು. ಅಲ್ಲಿಂದ ಮನೆಯ ತನಕ ಅವನು ನಡೆಯುತ್ತಿರಲಿಲ್ಲ, ಓಡುತ್ತಿದ್ದ. ಊಟದ ವಿಷಯದಲ್ಲಿ ನಾನೂ ಪೂರ್ತಿ ಸನ್ಯಾಸಿಯಲ್ಲ. ಆದ್ದರಿಂದ ಇಲ್ಲಿಯವರೆಗೆ ಅವನ ಮೇಲೆ ನನ್ನ ತಕರಾರಿಲ್ಲ.

ಶಿವರಾತ್ರಿ ಬಂತು. ಚಳಿ ಶಿವಶಿವಾ ಎಂದು ಹೊರಟುಹೋಯಿತು. ಕಂಬಳಿ ಕೇಳುವವರಿಲ್ಲ. ವ್ಯಾಪಾರಿ ಗಂಟು ಅಟ್ಟಕ್ಕೆ ಹಾಕಿ ಇಡೀ ದಿನ ಜಗಲಿಯ ಮೇಲೆ ಕುಳಿತ. ಕೆಲಸವಿಲ್ಲದ ಗಂಡಸು ಜಗಲಿಯ ಮೇಲೆ ಕುಳಿತರೆ ಅಡುಗೆಮನೆಗೆ ಕಷ್ಟಕಾಲ ಬಂತೆಂದೇ ತಿಳಿ.

ಹೊಲದಲ್ಲಿ ಅವರೆ ಮುಗಿದಿತ್ತು. ಆದರೂ ಅವನಿಗೆ ಹಿತುಕಿದ ಬೇಳೆ ಸಾರೇ ಬೇಕು. ಹೆಂಡತಿ ಒಣಗಿದ ಕಾಳು ನೆನೆಸಿ, ಹಿತುಕಿ, ಅದೇ ಮಸಾಲೆ ಅರೆದು, ಅದೇ ಮಡಕೆಯಲ್ಲಿ ಕುದಿಸಿದಳು. ಅವನು ಒಂದು ತುತ್ತು ನುಂಗಿ ತಟ್ಟೆ ದೂಡಿದ.

"ನಿನ್ನ ಕೈರುಚಿ ಹೋಯ್ತು ಕಣೇ" ಎಂದ.

ಇಷ್ಟನ್ನು ಮನೆಯೊಳಗೆ ಹೇಳಿ ಸುಮ್ಮನಾಗಿದ್ದರೆ ಕತೆ ಇರುತ್ತಿರಲಿಲ್ಲ. ಅವನು ಜಗಲಿಗೆ ಬಂದು ಹೋಗಿಬರುವವರಿಗೆಲ್ಲ ಹೇಳಿದ. ಅಕ್ಕನ ಮನೆಗೆ ಹೋಗಿ ಅದೇ ಸಾರು ಮಾಡಿಸಿಕೊಂಡು ಉಂಡ. ಅಲ್ಲಿಯೂ ರುಚಿಯಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಉಂಡ. ಅಲ್ಲಿಯೂ ಇಲ್ಲ. ಬೇರೆ ಯಾರಾದರೂ ಆಗಿದ್ದರೆ ಆಗಲಾದರೂ ತಪ್ಪು ಕೈಯದ್ದಲ್ಲ ಎಂದು ತಿಳಿಯುತ್ತಿದ್ದರು. ಇವನು ವ್ಯಾಪಾರಿ, ಆಡಿದ ಮಾತಿನಿಂದ ಕೆಳಗೆ ಇಳಿಯುವವನಲ್ಲ. "ನಮ್ಮವಳ ಕೈಯ ರೋಗ ಎಲ್ಲರಿಗೂ ಅಂಟಿದೆ" ಎಂದುಬಿಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ಊರಿನ ನೆಲವೆಲ್ಲ ಡೊಂಕು ಅಂದ.

ನನಗೆ ಈ ಕತೆಯಲ್ಲಿ ಸಿಟ್ಟು ಬರುವುದು ಇಲ್ಲಿಯೇ. ಏಕೆಂದರೆ ಅದು ಮಾವಿನಕಾಯಿ ಉಪ್ಪಿನಕಾಯಿ ಹಾಕುವ ಕಾಲ. ಆ ಬೀದಿಯಲ್ಲಿ ಒಂದು ಪದ್ಧತಿ ಇತ್ತು. ಯಾರ ಮನೆಯಲ್ಲಿ ಉಪ್ಪಿನಕಾಯಿ ಹಾಕಿದರೂ ಜಾಡಿಗೆ ಮೊದಲ ಹಿಡಿ ಉಪ್ಪು ವ್ಯಾಪಾರಿಯ ಹೆಂಡತಿಯ ಕೈಯಿಂದ ಬೀಳಬೇಕು. ಅವಳ ಕೈಗುಣಕ್ಕೆ ಉಪ್ಪಿನಕಾಯಿ ಮುಂದಿನ ಯುಗಾದಿಯವರೆಗೂ ಬೂಸು ಹಿಡಿಯದೆ ನಿಲ್ಲುತ್ತದೆ ಎಂದು ನಂಬಿಕೆ. ಅವಳಿಗೆ ಒಡವೆ ಇರಲಿಲ್ಲ, ಮಕ್ಕಳಿರಲಿಲ್ಲ. ವರ್ಷಕ್ಕೊಮ್ಮೆ ಮನೆಮನೆಯವರು ಬಂದು "ಬಾ ತಾಯಿ, ಕೈ ಹಾಕು" ಎಂದು ಕರೆಯುತ್ತಿದ್ದುದೇ ಅವಳ ಹೆಚ್ಚುಗಾರಿಕೆ. ಆ ವರ್ಷ ಯಾರೂ ಕರೆಯಲಿಲ್ಲ. ಅಂಟುರೋಗದ ಕೈ ಎಂದು ಗಂಡನೇ ಸಾರಿದ ಮೇಲೆ ಜಾಡಿ ಒಡ್ಡುವ ಧೈರ್ಯ ಯಾರಿಗಿದೆ? ಕಾಯಿ ಕಿತ್ತಿಟ್ಟುಕೊಂಡು, ಉಪ್ಪು ಹಾಕಲು ಬೇರೆ ಕೈ ಸಿಗದೆ, ಬೀದಿಯ ಹೆಂಗಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿದರು. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುವುದು ಇದಕ್ಕೇ. ಆ ಹೆಂಗಸು ಒಲೆಯ ಮುಂದೆ ಕುಳಿತು ತನ್ನ ಅಂಗೈಯನ್ನೇ ತಾನು ಮೂಸಿ ನೋಡಿಕೊಂಡಳು. ನಿಜವಾಗಿಯೂ ಏನೋ ಹೋಗಿದೆಯೋ ಏನೋ ಎಂದು ಅತ್ತಳು.

ಆದರೆ ಅತ್ತರೂ ಅಡುಗೆ ಬಿಡಲಿಲ್ಲ. ಹಿತ್ತಿಲ ಮಾವಿನ ಮರ ಎಳೆಗಾಯಿ ಉದುರಿಸುತ್ತಿತ್ತು. ಅವಳು ಅದನ್ನು ತುರಿದು, ಸಾಸಿವೆ ಅರೆದು, ಮಾವಿನಕಾಯಿ ಚಿತ್ರಾನ್ನ ಕಲಸಿದಳು. ಗಂಡ ಅದರ ಕಡೆ ತಿರುಗಿಯೂ ನೋಡಲಿಲ್ಲ. "ನನಗೆ ಮಾಗಿ ಊಟ ಬೇಕು" ಎಂದ. ಪಕ್ಕದ ಮನೆಯ ಜವರಮ್ಮನ ಮಗಳು ಬಾಣಂತನಕ್ಕೆಂದು ತವರಿಗೆ ಬಂದಿದ್ದಳು, ಬಸುರಿ, ಹುಳಿ ಎಂದರೆ ಪ್ರಾಣ. ಚಿತ್ರಾನ್ನವೆಲ್ಲ ಗೋಡೆ ದಾಟಿ ಅವಳಿಗೇ ಹೋಯಿತು. ಹೀಗೆ ಒಂದು ಒಲೆಯ ಮೇಲೆ ದಿನವೂ ಎರಡು ಅಡುಗೆ ನಡೆಯಿತು. ಗಂಡನಿಗೆ ಹೋದ ಋತುವಿನದು, ನೆರೆಮನೆಗೆ ಬಂದ ಋತುವಿನದು.

ಒಂದು ಬೆಳಗ್ಗೆ ವ್ಯಾಪಾರಿ ಊರ ಕೊಳಕ್ಕೆ ಸ್ನಾನಕ್ಕೆ ಇಳಿದ. ನೀರು ಕೊರೆಯುತ್ತಿತ್ತು. ಮೈ ನಡುಗಿತು. ನಡುಗಿದ ಕ್ಷಣ ಅವನಿಗೆ ಮಾಗಿ ನೆನಪಾಯಿತು, ಮಾಗಿಯ ಜೊತೆಗೆ ಸಾರು ನೆನಪಾಯಿತು. ಕೈ ಕೆಟ್ಟರೇನಂತೆ, ಮೈಗೆ ಚಳಿ ಹಿಡಿಸಿದರೆ ನಾಲಗೆಗೆ ರುಚಿ ತಾನಾಗಿ ಬರುತ್ತದೆ ಎಂದು ಅವನ ತಲೆಗೆ ಹೊಳೆಯಿತು. ಬುದ್ಧಿವಂತರಿಗೆ ಹೊಳೆಯುವ ಉಪಾಯವಲ್ಲ, ಆದರೆ ಹೊಳೆದವನಿಗೆ ಅದು ಗೊತ್ತಾಗಬೇಕಲ್ಲ!

ಮರುದಿನದಿಂದ ಹೆಂಡತಿಯನ್ನು ಕೋಳಿ ಕೂಗುವ ಮೊದಲೇ ಎಬ್ಬಿಸಿದ. ಸಾರು ಮಾಡಿಸಿಕೊಂಡು, ಮುದ್ದೆ ಕಟ್ಟಿಸಿಕೊಂಡು ಕೊಳಕ್ಕೆ ಹೋದ. ಎದೆಮಟ್ಟ ನೀರಿನಲ್ಲಿ ನಿಂತು, ಎಡಗೈಯಲ್ಲಿ ಕಂಚಿನ ಬಟ್ಟಲು ಎತ್ತಿ ಹಿಡಿದು, ಬಲಗೈಯಿಂದ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. ರುಚಿ ಬಂತೇ? ಬರಲಿಲ್ಲ. ಇನ್ನೂ ಸ್ವಲ್ಪ ನಡುಗಿದರೆ ಬಂದೀತು ಎಂದು ಇನ್ನೂ ಸ್ವಲ್ಪ ಹೊತ್ತು ನಿಂತ. ಕೆಳಗೆ ಬಿದ್ದ ಮುದ್ದೆಗೆ ಮೀನು ಸೇರಿ ಅವನ ಕಾಲ್ಬೆರಳನ್ನೂ ರುಚಿ ನೋಡಿದವು.

ದಾರಿಯಲ್ಲಿ ಹೋಗುವವರು ಇದನ್ನು ನೋಡಿದರು. ಮೂಡಣಕ್ಕೆ ಮುಖ ಮಾಡಿ ಒಬ್ಬ ನೀರಿನಲ್ಲಿ ನಿಂತಿದ್ದಾನೆ. ಬೇಳೆ ಅಗಿಯುವ ಬಾಯಿ ದೂರಕ್ಕೆ ಜಪ ಮಾಡುವಂತೆ ಕಂಡಿತು. ಹಲ್ಲು ಕಟಕಟ ಎನ್ನುವುದು ನಾಮಸ್ಮರಣೆಯಂತೆ ಕೇಳಿಸಿತು. ಎತ್ತಿ ಹಿಡಿದ ಬಟ್ಟಲನ್ನು ಅರ್ಘ್ಯ ಎಂದರು, ನಡುಕವನ್ನು ಆವೇಶ ಎಂದರು. ಕಂಬಳಿ ಮಾರುವವನೇ ಕಂಬಳಿ ಬಿಟ್ಟು ತಣ್ಣೀರಿಗಿಳಿದ ಮೇಲೆ ಅದು ವೈರಾಗ್ಯವಲ್ಲದೆ ಇನ್ನೇನು? ಜನ ಮರುಳೋ ಜಾತ್ರೆ ಮರುಳೋ, ವಾರ ಕಳೆಯುವುದರೊಳಗೆ ಕೊಳದ ಮೆಟ್ಟಿಲ ಮೇಲೆ ಹೂವು, ತೆಂಗಿನಕಾಯಿ, ಊದುಬತ್ತಿ. ನಿನ್ನೆಯವರೆಗೆ ಕಂಬಳಿಯ ಬೆಲೆಗೆ ಇವನ ಜೊತೆ ಕಿತ್ತಾಡಿದವರು ಈಗ ಅಡ್ಡಬಿದ್ದರು.

ವ್ಯಾಪಾರಿ ನಿಜ ಹೇಳಬಹುದಿತ್ತು. ಆದರೆ "ನಾನು ಸಾರಿನ ರುಚಿ ಹುಡುಕುತ್ತಿದ್ದೇನೆ" ಎಂದು ಎದೆಮಟ್ಟ ನೀರಿನಲ್ಲಿ ನಿಂತು ಹೇಳುವುದು ಸುಲಭವಲ್ಲ. ಕಣ್ಣು ಮುಚ್ಚಿದ. ಕಣ್ಣು ಮುಚ್ಚಿದ್ದಕ್ಕೆ ಭಕ್ತರು ಇನ್ನೂ ಹೆಚ್ಚಾದರು.

ಒಂದು ದಿನ ಬೀದಿಯ ಹೆಂಗಸರೆಲ್ಲ ಕೂಡಿ ಬಂದರು. ಕಿತ್ತಿಟ್ಟ ಮಾವಿನಕಾಯಿ ಬಾಡುತ್ತಿತ್ತು, ಉಪ್ಪು ಹಾಕುವ ಕೈ ಇನ್ನೂ ಗೊತ್ತಾಗಿರಲಿಲ್ಲ. ಸ್ವಾಮಿಗಳನ್ನೇ ಕೇಳಿಬಿಡೋಣ ಎಂದು ಖಾಲಿ ಜಾಡಿಗಳನ್ನು ಕಂಕುಳಲ್ಲಿಟ್ಟುಕೊಂಡೇ ಬಂದಿದ್ದರು. ಅಷ್ಟು ಜನರನ್ನು ಒಮ್ಮೆಲೇ ಕಂಡು ವ್ಯಾಪಾರಿ ಬೆಚ್ಚಿದ. ಕೈಯಿಂದ ಬಟ್ಟಲು ಜಾರಿತು. ಸಾರೆಲ್ಲ ಮೀನಿನ ಪಾಲಾಯಿತು. ಹೊಟ್ಟೆಯ ಹಸಿವು ಮಾತ್ರ ಹಾಗೆಯೇ ಉಳಿಯಿತು.

ಜವರಮ್ಮ ಎರಡು ಮೆಟ್ಟಿಲು ಇಳಿದು ಒಂದು ಎಲೆಪೊಟ್ಟಣ ಚಾಚಿದಳು. ಬೇಕೆಂದೇ ತಂದಳೋ, ಮನೆಯಲ್ಲಿ ಬೇರೇನೂ ಇಲ್ಲದೆ ತಂದಳೋ, ನನಗೆ ಗೊತ್ತಿಲ್ಲ. ವ್ಯಾಪಾರಿ ಹಸಿವಿಗೆ ಏನೆಂದೂ ನೋಡದೆ ಒಂದು ತುತ್ತು ಬಾಯಿಗಿಟ್ಟ. ಹುಳಿ ನೆತ್ತಿಗೆ ಹತ್ತಿತು. ಸಾಸಿವೆ ಮೂಗಿಗೆ ಬಂತು. ಒಗ್ಗರಣೆಯ ಕಡಲೆಬೇಳೆ ಹಲ್ಲಿಗೆ ಸಿಕ್ಕಿತು. ಆಗ ಅವನು ನಿಜವಾಗಿಯೂ ಕಣ್ಣು ಮುಚ್ಚಿದ. ಎಷ್ಟೋ ದಿನಗಳ ಮೇಲೆ ಅವನ ಮನಸ್ಸು ಬಾಯಿಯಲ್ಲಿದ್ದ ತುತ್ತಿನ ಹತ್ತಿರ ಬಂದು ನಿಂತಿತು.

ಹೆಂಗಸರಲ್ಲಿ ಒಬ್ಬಳು ಕೈಮುಗಿದು ಕೇಳಿದಳು: "ಈ ವರ್ಸ ಉಪ್ಪಿನಕಾಯ್ಗೆ ಯಾರ ಕೈಲಿ ಉಪ್ಪಾಕ್ಸಾನ ಸಾಮಿ? ಅಪ್ಪಣೆಯಾಗ್ಲಿ."

ವ್ಯಾಪಾರಿ ಬಾಯಿ ತುಂಬ ಅನ್ನ ಇಟ್ಟುಕೊಂಡೇ ಹೇಳಿದ: "ಈ ಚಿತ್ರಾನ್ನ ಕಲಸಿದ ಕೈಲಿ ಹಾಕಿಸಿ. ಇಂಥ ಕೈ ಈ ಸೀಮೆಯಲ್ಲೇ ಇಲ್ಲ. ಆ ತಾಯಿಯ ಕೈ ಊಟ ದಿನಾ ಉಣ್ಣುವ ಗಂಡ ಪುಣ್ಯವಂತ!"

ಜವರಮ್ಮ ಸೆರಗು ಬಾಯಿಗಿಟ್ಟುಕೊಂಡಳು. ನಗು ನಿಂತ ಮೇಲೆ ಹೇಳಿದಳು: "ಆ ಪುಣ್ಯವಂತ ನೀರೊಳ್ಗೆ ನಿಂತವ್ನೆ ಕಣಣ್ಣಯ್ಯ. ಅದು ನಿಮ್ಮನೆ ಈರಮ್ಮನ ಕೈ. ಅಂಟುರೋಗ ಅಂತ ನೀವು ಊರೆಲ್ಲ ಸಾರಿದ್ರಲ್ಲ, ಅದೇ ಕೈ!"

ಕೊಳದ ಮೆಟ್ಟಿಲ ಮೇಲೆ ಎದ್ದ ನಗುವಿಗೆ ಕೊಕ್ಕರೆಗಳೆಲ್ಲ ಹಾರಿಹೋದವು. ಹೆಂಗಸರು ಸ್ವಾಮಿಗಳನ್ನು ನೀರಿನಲ್ಲೇ ಬಿಟ್ಟು, ಜಾಡಿಗಳ ಸಮೇತ ನೇರ ಅವನ ಮನೆಗೆ ನಡೆದರು. ಅಪ್ಪಣೆ ಅಪ್ಪಣೆಯೇ. ಅದನ್ನು ಕೊಟ್ಟವನು ಯಾರಾದರೇನು?

ವ್ಯಾಪಾರಿ ತೊಟ್ಟಿಕ್ಕುವ ಪಂಚೆಯಲ್ಲಿ ಮನೆ ಮುಟ್ಟುವ ಹೊತ್ತಿಗೆ ನಡುಮನೆ ತುಂಬ ಜಾಡಿಗಳು. ಹೆಂಡತಿ ನಡುವೆ ಕುಳಿತು ಒಂದೊಂದಕ್ಕೂ ಹಿಡಿ ಉಪ್ಪು ಬಿಡುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಹಬ್ಬದ ಮುಖ. ಅವನು ಹೊಸಿಲಿನಲ್ಲೇ ನಿಂತು, ಏನಾದರೂ ಒಳ್ಳೆಯ ಮಾತು ಆಡಬೇಕೆಂದು, "ನಿನ್ನ ಕೈರುಚಿ ಮತ್ತೆ ಬಂತು ಕಣೇ" ಎಂದ.

ಅವಳು ತಲೆ ಎತ್ತಲಿಲ್ಲ. "ನನ್ನ ಕೈ ಎಲ್ಗೂ ಹೋಗಿರ್ನಿಲ್ಲ. ಹೋಗಿದ್ದು ಮಾಗಿ. ಅದ್ನ ಯಾವ ಒಗ್ಗರಣೆ ಆಕಿ ವಾಪಸ್ ಕರೀಲಿ ಯೋಳಿ? ಮೊದ್ಲು ಆ ಒದ್ದೆ ಬಟ್ಟೆ ಬಿಚ್ಚಿ, ಜಾಡಿಗೆ ನೀರು ಬಿದ್ದಾತು" ಎಂದಳು.

ಅವನು ಬಟ್ಟೆ ಬದಲಿಸಿ ಬಂದು ಕುಳಿತ. ಬಡಿಸಿದ್ದನ್ನು ಉಂಡ. ಆಷಾಢ ಬಂದಾಗ ಒಂದು ದಿನ, "ಆವತ್ತಿನ ಮಾವಿನಕಾಯಿ ಚಿತ್ರಾನ್ನ..." ಎಂದು ಬಾಯಿ ತೆರೆದನಂತೆ. ಹೆಂಡತಿ ಅವನ ಮುಖವನ್ನೇ ನೋಡಿದಳು. ಅವನು ಬಾಯಿ ಮುಚ್ಚಿಕೊಂಡು ಎಲೆಯಲ್ಲಿದ್ದ ಹುರುಳಿ ಸಾರಿಗೆ ಕೈ ಹಾಕಿದ.

ಗುರುಗಳು ಕತೆ ನಿಲ್ಲಿಸಿ ಬಿಡಿಸಿದ ಹೂವನ್ನು ಮೊರಕ್ಕೆ ಸುರಿದುಕೊಂಡರು. ಶಿಷ್ಯ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಎಂಥ ಮೂಢ, ಗುರುಗಳೇ! ಹೋದ ಚಳಿಯನ್ನು ಹಿಡಿಯುವುದಕ್ಕೆ ನೀರಿಗಿಳಿದನಲ್ಲ! ಅದನ್ನು ಜಪ ಎಂದು ನಂಬಿದರಲ್ಲ! ಅಂಥವನಿಗೂ ಕೊನೆಗೆ ಬುದ್ಧಿ ಬಂತೇ?"

ಗುರುಗಳು ಮೊರ ಎತ್ತಿಕೊಂಡು ಅಡುಗೆಮನೆಯ ಕಡೆ ಹೊರಟವರು ಬಾಗಿಲಲ್ಲಿ ತಿರುಗಿ ಹೇಳಿದರು: "ಅವನಂತೂ ನೀರಿನಿಂದ ಎದ್ದು ಮನೆಗೆ ಬಂದ, ನೀನು ಯಾವಾಗ ಏಳುತ್ತೀಯಪ್ಪಾ?"