ನೀಲಿ ಹೂವಿನ ಎಲೆಗೆ ತುಪ್ಪಳ ಬಂದದ್ದು

ಬೆಟ್ಟಗಳಿಗೆ ಆಗ ಯಾರೂ ಹೆಸರಿಟ್ಟಿರಲಿಲ್ಲ. ನದಿಗಳು ಕಂಡಕಂಡವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಲೋಕ ಅಷ್ಟು ಹೊಸದು.

ಬೆಟ್ಟದ ತುದಿಯಲ್ಲಿ ಹುಟ್ಟಿ ಬೆಳೆದ ಹೊನ್ನಿಯನ್ನು ಬಯಲಿನ ಊರಿಗೆ ಮದುವೆ ಮಾಡಿಕೊಟ್ಟರು. ತವರಿನ ನೆನಪಿಗೆಂದು ಅವಳು ಬೆಟ್ಟದ ನೀಲಿ ಹೂವಿನ ಗಿಡವೊಂದನ್ನು ತಂದು ಹಿತ್ತಲಲ್ಲಿ ನೆಟ್ಟಳು. ಅದರ ಎಲೆ ಆಗ ನುಣ್ಣಗೆ, ಬೋಳಾಗಿತ್ತು.

ಅತ್ತೆ ಚಿಕ್ಕತಾಯವ್ವ ಒಳ್ಳೆಯವಳು. "ಸೊಸೆಯ ತವರಿನ ಗಿಡ" ಎಂದು ಬುಟ್ಟಿ ಬುಟ್ಟಿ ಗೊಬ್ಬರ ಹಾಕಿದಳು. ಬಿಂದಿಗೆ ಬಿಂದಿಗೆ ನೀರು ಹುಯ್ದಳು. ಹುಯ್ದಷ್ಟೂ ಗಿಡ ಬಾಡಿತು. ಗಿಡ ಬಾಡಿದಷ್ಟೂ ಹೊನ್ನಿ ಬಾಡಿದಳು. ತುತ್ತು ಗಂಟಲಲ್ಲಿ ಇಳಿಯದು.

ಒಂದು ಬೆಳಿಗ್ಗೆ ಅತ್ತೆ ಗಿಡದ ಮುಂದೆ ಕೂತು ಕೇಳಿದಳು, "ನಿನಗೇನು ಕಡಿಮೆ ಮಾಡಿದೆನವ್ವಾ?"

"ಕಡಿಮೆಯಲ್ಲ ತಾಯಿ, ಹೆಚ್ಚಾಯಿತು" ಎಂದಿತು ಗಿಡ. "ಬೇರು ಕೊಳೀತಾ ಇದೆ. ನನಗೆ ಕಲ್ಲು ಬೇಕು. ಬಿಸಿಲೂ ತಡೆಯೋಕಾಗಲ್ಲ. ಬೆಟ್ಟದಲ್ಲಿ ಮಂಜು ನನಗೆ ಸೆರಗು ಹೊದಿಸುತ್ತಿದ್ದಳು."

"ಅಯ್ಯೋ, ಕೇಳದೇ ಉಣಿಸಿಬಿಟ್ಟೆ!" ಎಂದು ಅತ್ತೆ ಎದ್ದು ಬೆಟ್ಟದ ದಾರಿ ಹಿಡಿದಳು.

"ಈ ವಯಸ್ಸಲ್ಲಿ ಎಲ್ಲಿಗವ್ವಾ?" ಎಂದಿತು ಗಾಳಿ.

"ಮಂಜಿನ ಹತ್ತಿರ."

ಗಾಳಿ ಅವಳ ಬೆನ್ನಿಗೆ ಕೈಕೊಟ್ಟು ಮೇಲಕ್ಕೆ ಹತ್ತಿಸಿತು.

"ನಮ್ಮ ಹಿತ್ತಲಿಗೆ ಬಾರವ್ವಾ" ಎಂದು ಅತ್ತೆ ಮಂಜನ್ನು ಬೇಡಿದಳು.

"ಕೆಳಗಿಳಿದರೆ ಕರಗಿಹೋಗ್ತೀನಿ, ತಾಯಿ."

ಅತ್ತೆ ಬಂಡೆಯ ಮೇಲೆ ಕುಸಿದಳು. "ನನ್ನ ಸೊಸೆ ಉಣ್ತಾ ಇಲ್ಲ ಕಣೇ" ಎಂದಳು. ಕಣ್ಣು ತುಂಬಿತು.

ಮಂಜು ತನ್ನ ಬಿಳಿ ಸೆರಗಿನ ಅಂಚು ಪರ್ರನೆ ಹರಿದಳು. "ಇದನ್ನು ಗಿಡಕ್ಕೆ ಹೊದಿಸು. ಬಿಸಿಲು ತಡೆಯುತ್ತೆ, ಇಬ್ಬನಿ ಹಿಡಿಯುತ್ತೆ."

ಅತ್ತೆ ಮಡಿಲ ತುಂಬ ಬೆಟ್ಟದ ಕಲ್ಲು ತುಂಬಿಕೊಂಡು ಇಳಿದಳು. ಅತ್ತೆ ಸೊಸೆ ಸೇರಿ ಗೊಬ್ಬರ ತೋಡಿ ತೆಗೆದರು, ಕಲ್ಲು ಒಟ್ಟಿದರು, ಸಂದಿಯಲ್ಲಿ ಗಿಡ ಊರಿದರು. ಒಂದೊಂದೇ ಎಲೆಗೆ ಮಂಜಿನ ಸೆರಗು ಹೊದಿಸಿದರು.

ಬಹಳ ದಿನ ಏನೂ ಆಗಲಿಲ್ಲ. ಹೊನ್ನಿ ದಿನವೂ ಹೋಗಿ ನೋಡಿ ಬರುವಳು. ಒಂದು ಬೆಳಿಗ್ಗೆ ಅವಳು ಹಿತ್ತಲಿಂದ ಓಡಿ ಬಂದಳು.

"ಅತ್ತೆಮ್ಮಾ, ಮೊಗ್ಗು ಬಂದಿದೆ! ನೀಲಿ ಮೊಗ್ಗು!" ಎಂದಳು. ಉಸಿರು ತಿರುಗಿದ ಮೇಲೆ ಮೆಲ್ಲಗೆ ಕೇಳಿದಳು, "ರೊಟ್ಟಿ ಇದೆಯಾ? ಹಸಿವಾಗ್ತಿದೆ."

ಅದಕ್ಕೇ ಮಗೂ, ಬೆಟ್ಟದ ಈ ಗಿಡವನ್ನು ಮನೆಯಲ್ಲಿ ಬೆಳೆಸುವವರು ಇಂದಿಗೂ ಗೊಬ್ಬರ ಹಾಕದೆ ಕಲ್ಲಿನ ಸಂದಿಯಲ್ಲಿ ನೆಡುತ್ತಾರೆ, ಅದರ ಎಲೆಯನ್ನು ಸವರಿದರೆ ನಿನ್ನ ಬೆರಳಿಗೆ ಬಿಳೀ ತುಪ್ಪಳ ಮೆತ್ತಗೆ ತಾಕುತ್ತದೆ.