ಡಿಕ್ಷನರಿಗೆ ಸಿಗದ ಪದ

ರಾಜಾ ಸೀತಾರಂಗಪ್ಪ ನಾಯಕರಿಗೆ ಇಂಗ್ಲಿಷ್ ಹುಚ್ಚು ಹಿಡಿದಿತ್ತು. ಅದೂ ಎಲ್ಲರೂ ಆಡುವ ಇಂಗ್ಲಿಷ್ ಅಲ್ಲ. ಬಾಯಿಗೆ ಹಾಕಿಕೊಂಡರೆ ದವಡೆ ನೋಯುವಂಥ ಪದಗಳೇ ಅವರಿಗೆ ಬೇಕು.

ಇದನ್ನು ಹಚ್ಚಿದವರು ತಾತಾಚಾರ್ ಮಾಸ್ತರು. ಮದರಾಸಿನಿಂದ ಬಂದವರು, ಕಂಕುಳಲ್ಲಿ ದಿಂಬಿನಷ್ಟು ದಪ್ಪದ ಡಿಕ್ಷನರಿ. "ಇದರಲ್ಲಿ ಇಲ್ಲದ ಇಂಗ್ಲಿಷ್ ಪದವಿಲ್ಲ, ನನಗೆ ಬಾರದ ಪದ ಇದರಲ್ಲಿಲ್ಲ" ಎಂದು ಎದೆ ತಟ್ಟಿಕೊಳ್ಳುತ್ತಿದ್ದರು.

ಮೂರೇ ತಿಂಗಳಲ್ಲಿ ಅರಮನೆ ತಲೆಕೆಳಗಾಯಿತು. ದಿವಾನರನ್ನು ಮಹಾರಾಜರು "ಫ್ಲಿಬರ್ಟಿಜಿಬೆಟ್" ಎಂದು ಕರೆದರು. ಅದು ಬಾಯಿಬಡುಕ ಎಂಬ ಬೈಗುಳವೆಂದು ತಿಳಿಯದೆ, ಯಾವುದೋ ಬಿರುದಿರಬೇಕೆಂದು ದಿವಾನರು ಮನೆಯಲ್ಲಿ ಪಾಯಸ ಮಾಡಿಸಿದರು. "ಪ್ಯಾಕಿಡರ್ಮ್ ತಾ!" ಎಂದು ಮಾವುತನಿಗೆ ಅಪ್ಪಣೆಯಾಯಿತು. ಪಾಪ, ಅವನು ಪೇಟೆಯೆಲ್ಲ ಅಲೆದು ಒಂದು ಕೊಡೆ ತಂದ. ತರಬೇಕಿದ್ದ ಆನೆ ಲಾಯದಲ್ಲೇ ನಿಂತಿತ್ತು.

ಆಮೇಲೆ ಹೊಸ ಕಾಯಿದೆ ಬಂತು. ಅರಮನೆಯ ಊಳಿಗದವರೆಲ್ಲ ಆಸ್ಥಾನದಲ್ಲಿ ಯಾರೂ ಕೇಳಿರದ ಒಂದೊಂದು ಇಂಗ್ಲಿಷ್ ಪದ ತಂದೊಪ್ಪಿಸಬೇಕು. ತಾರದವರು ಕೆಲಸ ಬಿಡಬೇಕು.

ಎಲ್ಲರೂ ಮಾಸ್ತರರ ಕಾಲು ಹಿಡಿದು ಒಂದೊಂದು ಪದ ಬೇಡಿ ತಂದರು. ಉಳಿದವಳು ಅಡುಗೆಮನೆಯ ಯಜಮಾನಿ ಸಾತಮ್ಮ ಒಬ್ಬಳೇ.

ಪಾತ್ರೆ ಉಜ್ಜಲು ಬಂದವಳು ಇಪ್ಪತ್ತು ವರ್ಷದಲ್ಲಿ ಯಜಮಾನಿಯಾಗಿದ್ದಳು. ಬೆಲ್ಲ ಕಟ್ಟಿ ಬಂದ ಕಾಗದದ ಮೇಲೆ ಬೆರಳಾಡಿಸಿ ಅಕ್ಷರ ಕಲಿತವಳು. ಯಾರನ್ನೂ ಬೇಡಿದವಳಲ್ಲ, ಮಾಸ್ತರರನ್ನು ಬೇಡುವಳೇ?

ಮಾಸ್ತರರಿಗೂ ಅದೇ ಬೇಕಾಗಿತ್ತು. ಅವರ ಭಾವಮೈದುನ ಅವಳ ಕೈಯ ಸೌಟಿನ ಮೇಲೆ ಕಣ್ಣಿಟ್ಟು ಕೂತಿದ್ದ.

"ಏನಮ್ಮಾ, ನಿನ್ನ ಪದ ಎಲ್ಲಿ?" ಎಂದು ತುಂಬಿದ ಸಭೆಯಲ್ಲೇ ಕೆಣಕಿದರು.

"ಒಲೆ ಮೇಲಿದೆ ಮಾಸ್ತರೇ. ಇನ್ನೂ ಬೆಂದಿಲ್ಲ."

ಸಭೆ ನಕ್ಕಿತು. ಮಹಾರಾಜರು ನಗಲಿಲ್ಲ. "ನಾಳೆ ಬ್ರಿಟಿಷ್ ಸರ್ಕಾರದ ಏಜೆಂಟ್ ದೊರೆಗಳು ಊಟಕ್ಕೆ ಬರುತ್ತಾರೆ. ಪಂಕ್ತಿ ಏಳುವುದರೊಳಗೆ ಪದ ಬರಬೇಕು ಸಾತಮ್ಮ. ಇಲ್ಲದಿದ್ದರೆ ಸೌಟು ಕೆಳಗಿಟ್ಟು ಹೋಗು. ಇನ್ನೊಂದು ಮಾತು. ನಾಳೆ ಪಂಕ್ತಿಯಲ್ಲಿ ಒಂದು ಪದವೂ ಕನ್ನಡದಲ್ಲಿ ಕೇಳಿಸಕೂಡದು. ದೊರೆಗಳು ಬೆರಗಾಗಬೇಕು!"

"ಅಪ್ಪಣೆ ಮಹಾಸ್ವಾಮಿ. ಹಾಗಾದರೆ ಇಂಗ್ಲಿಷಿನಲ್ಲಿ ಹೆಸರು ಹಿಡಿದು ಕೇಳಿದ್ದನ್ನು ಮಾತ್ರ ಬಡಿಸಲೇ?"

"ಭೇಷ್! ಹಾಗೇ ಮಾಡು."

ಮರುದಿನ ಮಧ್ಯಾಹ್ನ ನಲವತ್ತು ಎಲೆ ಬಿದ್ದವು. ಏಜೆಂಟ್ ದೊರೆ ಮಹಾರಾಜರ ಪಕ್ಕದಲ್ಲೇ ಕೂತ. ಮಡಿಸಲು ಬಾರದ ಕಾಲನ್ನು ಎಲೆಯ ಆಚೆಗೂ ಈಚೆಗೂ ಚಾಚಿಕೊಂಡಿದ್ದ. ಒಗ್ಗರಣೆಯ ಘಮಕ್ಕೆ ಅವನ ಮೂಗು ಆಗಲೇ ಅಡುಗೆಮನೆ ಕಡೆ ತಿರುಗಿತ್ತು.

ಆ ಅರಮನೆಯಲ್ಲಿ ಎರಡು ಕಟ್ಟಳೆಗಳಿದ್ದವು. ಎಲೆಗೆ ಬಡಿಸುವ ಕ್ರಮ ತಪ್ಪಕೂಡದು. ಮೊದಲು ಉಪ್ಪು, ಆಮೇಲೆ ಕೋಸಂಬರಿ, ಆಮೇಲೆ ಪಲ್ಯ, ಹೀಗೆ ಒಂದಾದ ಮೇಲೊಂದು. ನಡುವೆ ಒಂದನ್ನು ಹಾರಿಸಿದರೆ ಅಪಶಕುನ. ಎರಡನೆಯದು, ಮಹಾರಾಜರು ತುತ್ತೆತ್ತುವ ತನಕ ಯಾರೂ ಎಲೆಗೆ ಕೈ ಇಡುವಂತಿಲ್ಲ.

ಮಹಾರಾಜರು ಗಂಭೀರವಾಗಿ ಹೇಳಿದರು: "ಸೋಡಿಯಂ ಕ್ಲೋರೈಡ್!"

ಸಾತಮ್ಮ ಉಪ್ಪು ಬಡಿಸಿದಳು. ಪಂಕ್ತಿಯೆಲ್ಲ "ಆಹಾ" ಎಂದಿತು.

ಆಮೇಲೆ ಅವಳು ಕೋಸಂಬರಿಯ ಬೋಗುಣಿ ಹಿಡಿದು ನಿಂತಳು. ಮಹಾರಾಜರು ಬಾಯಿ ತೆರೆದರು. ಮುಚ್ಚಿದರು. ಮಾಸ್ತರರ ಕಡೆ ನೋಡಿದರು.

"ಸ್ಯಾಲಡ್" ಎಂದರು ಮಾಸ್ತರರು.

ಸಾತಮ್ಮ ಒಳಗೆ ಹೋಗಿ, ಉಪ್ಪು ಖಾರ ಕಾಣದ ಹಸಿ ಎಲೆಕೋಸಿನ ತಟ್ಟೆ ತಂದಳು. ಏಜೆಂಟರ ಬಂಗಲೆಯಲ್ಲಿ ಸ್ಯಾಲಡ್ ಎಂದರೆ ಅದೇ. ದೊರೆ ಅದನ್ನು ಕಂಡು ಬೆಚ್ಚಿ, "ನೋ, ನೋ!" ಎಂದು ಎಲೆಗೆ ಕೈ ಅಡ್ಡ ಹಿಡಿದ. ಅವಳು ತಟ್ಟೆ ಇಟ್ಟು ಮತ್ತೆ ಬೋಗುಣಿ ಹಿಡಿದು ನಿಂತಳು.

ಮಾಸ್ತರರು ಡಿಕ್ಷನರಿ ತರಿಸಿದರು. ಹೆಸರುಬೇಳೆ ಹುಡುಕಿದರು, ಸೌತೆಕಾಯಿ ಹುಡುಕಿದರು, ಇಂಗು ಹುಡುಕಿದರು. ಬಿಡಿಬಿಡಿಯಾಗಿ ಎಲ್ಲ ಸಿಕ್ಕವು, ಕಲಸಿದ್ದು ಸಿಗಲಿಲ್ಲ. ಹಾಳೆ ಮಗುಚುತ್ತಲೇ ಇದ್ದರು. ಉಪ್ಪಿನ ಚಿಟಿಕೆ ಮುಂದಿಟ್ಟುಕೊಂಡು ನಲವತ್ತು ಮಂದಿ ಅವರನ್ನೇ ಕೆಕ್ಕರಿಸಿ ನೋಡುತ್ತಿದ್ದರು. ದಿವಾನರ ಹೊಟ್ಟೆ ಯಾವ ಭಾಷೆಗೂ ಸೇರದ ಸದ್ದು ಮಾಡಿತು.

"ಇಲ್ಲ ಮಹಾಸ್ವಾಮಿ. ಅಂಥ ಪದವೇ ಇದರಲ್ಲಿಲ್ಲ" ಎಂದು ಕೊನೆಗೆ ಮಾಸ್ತರರು ಬೆವರು ಒರೆಸಿಕೊಂಡರು. ತಾವು ಕನ್ನಡದಲ್ಲಿ ಹೇಳಿದೆವೆಂಬುದೂ ಅವರಿಗೆ ಗೊತ್ತಾಗಲಿಲ್ಲ.

ಸಾತಮ್ಮ ಮೆಲ್ಲಗೆ ಎರಡು ಹೆಜ್ಜೆ ಸರಿದು ಬೋಗುಣಿಯನ್ನು ದೊರೆಯ ಮೂಗಿನ ಮುಂದೆ ಹಿಡಿದಳು. ಹೋದ ವರ್ಷ ಇದೇ ಪಂಕ್ತಿಯಲ್ಲಿ ಅವನು ಇದನ್ನು ಮೂರು ಸಲ ಬಡಿಸಿಕೊಂಡು, ಹೆಸರು ಕೇಳಿ ಬಾಯಿಪಾಠ ಮಾಡಿಕೊಂಡು ಹೋದದ್ದು ಅವಳೊಬ್ಬಳಿಗೇ ನೆನಪಿತ್ತು.

ದೊರೆಗೆ ತಡೆಯಲಾಗಲಿಲ್ಲ. "ಮೇಡಂ! ಫಾರ್ ಹೆವೆನ್ಸ್ ಸೇಕ್, ಗಿವ್ ಮೀ ಸಮ್ ಕೋಸಂಬರಿ!"

ಸಾತಮ್ಮ ಸೌಟು ತುಂಬ ಬಡಿಸಿದಳು. ಮಹಾರಾಜರ ಎಲೆಗೂ ಬಡಿಸಿದಳು.

"ತಪ್ಪು! ತಪ್ಪು!" ಮಾಸ್ತರರು ಎದ್ದೇ ನಿಂತರು. "ಅದು ಕನ್ನಡ!"

"ಸಾತಮ್ಮ, ಇದಕ್ಕೇನನ್ನುತ್ತೀ? ಕನ್ನಡದಲ್ಲೇ ಹೇಳು, ಹಸಿವಾಗಿದೆ" ಎಂದರು ಮಹಾರಾಜರು.

"ಬುದ್ಧೀ, ನಾನು ಓದಿದವಳಲ್ಲ. ಇಂಗ್ಲಿಷ್ ಜೊತೆ ಸೇರಿಸಿ ಇಂಗ್ಲಿಷಿನವರೇ ಆಡಿದ್ದು ಇಂಗ್ಲಿಷ್ ಅಂತ ತಿಳಿದೆ. ಅಲ್ಲ ಅಂತ ಮಾಸ್ತರು ದೊರೆಗಳಿಗೇ ತಿದ್ದಿ ಹೇಳಲಿ."

ಮಾಸ್ತರರು ದೊರೆಯ ಕಡೆ ನೋಡಿದರು. ಕಟ್ಟಳೆ ಮರೆತ ದೊರೆಯ ಬಾಯಿ ಆಗಲೇ ತುಂಬಿತ್ತು. ಅವನು ಇನ್ನೊಂದು ಸಲ ಬೋಗುಣಿಯ ಕಡೆ ಕೈ ತೋರಿಸಿ "ಕೋಸಂಬರಿ" ಎಂದ. ಮಾಸ್ತರರು ಡಿಕ್ಷನರಿ ಮುಚ್ಚಿ ಕೂತರು.

ಮಹಾರಾಜರಿಗೆ ನಗು ಒತ್ತಿಕೊಂಡು ಬಂತು. ಮೊದಲ ತುತ್ತು ಬಾಯಿಗಿಟ್ಟರು. ಪಂಕ್ತಿಗೆಲ್ಲ ಕೋಸಂಬರಿ ಬಂತು, ನಲವತ್ತು ಕೈಗಳು ಎಲೆಗಿಳಿದವು.

"ಅದಿರಲಿ, ನೀನು ಒಪ್ಪಿಸಬೇಕಾದ ಪದ ಎಲ್ಲಿ ಸಾತಮ್ಮ?"

"ಅದೇ ಅಲ್ಲವೇ ಮಹಾಸ್ವಾಮಿ? ಇಷ್ಟು ದಪ್ಪದ ಡಿಕ್ಷನರಿಯಲ್ಲೂ ಸಿಗದ ಇಂಗ್ಲಿಷ್ ಪದ ಇನ್ನು ಯಾರು ತಂದುಕೊಟ್ಟಾರು? ಮಾಸ್ತರರು ತಂದ ಪದಗಳಿಗೆಲ್ಲ ಅರ್ಥ ಹೇಳಿಸಿಕೊಳ್ಳಬೇಕಿತ್ತು" ಎನ್ನುತ್ತ ಸಾತಮ್ಮ ಸೌಟನ್ನು ಮತ್ತೊಮ್ಮೆ ಬಗ್ಗಿಸಿದಳು. "ಇದರ ಅರ್ಥ ಬಡಿಸಿಕೊಂಡರೆ ಸಾಕು."